ಪಾಲುದಾರನ ಕೈಗೆ ಬಂದ ಹಣ: ಯಾವುದಕ್ಕೆ ತೆರಿಗೆ, ಯಾವುದಕ್ಕಿಲ್ಲ

ಪಾಲುದಾರಿಕೆ ಸಂಸ್ಥೆಯಿಂದ ವರ್ಷದಲ್ಲಿ ಎಷ್ಟು ಹಣ ತೆಗೆದುಕೊಂಡಿರಿ ಎಂಬುದರ ಮೇಲೆ ನಿಮ್ಮ ಆದಾಯ ತೆರಿಗೆ ನಿರ್ಧಾರವಾಗುವುದಿಲ್ಲ. ಆ ಹಣ ಲೆಕ್ಕದ ಪುಸ್ತಕದಲ್ಲಿ ಯಾವ ಬಾಬತ್ತಿನಲ್ಲಿ ನಿಮ್ಮ ಹೆಸರಿಗೆ ಜಮೆಯಾಯಿತು ಎಂಬುದೇ ಮುಖ್ಯ. ಒಂದೇ ಗಲ್ಲಾಪೆಟ್ಟಿಗೆಯಿಂದ, ಒಂದೇ ಬ್ಯಾಂಕ್ ಖಾತೆಯಿಂದ ಬಂದ ಹಣ ಒಬ್ಬ ಪಾಲುದಾರನಿಗೆ ನಾಲ್ಕು ರೂಪದಲ್ಲಿ ಸೇರಬಹುದು: ಲಾಭದ ಪಾಲು, ದುಡಿಮೆಗೆ ಸಂಬಳ, ಹೂಡಿದ ಬಂಡವಾಳಕ್ಕೆ ಬಡ್ಡಿ, ಅಥವಾ ತನ್ನದೇ ಬಂಡವಾಳದ ವಾಪಸಾತಿ. ಇವುಗಳಲ್ಲಿ ಸಂಬಳ ಮತ್ತು ಬಡ್ಡಿಗೆ ಮಾತ್ರ ಪಾಲುದಾರ ತೆರಿಗೆ ಲೆಕ್ಕ ಕೊಡಬೇಕು. ಉಳಿದೆರಡಕ್ಕೆ ಕೊಡಬೇಕಾಗಿಲ್ಲ.

ಹೇಳಿದರೆ ಇಷ್ಟೇ. ಆದರೂ ಸಣ್ಣ ಊರುಗಳ ಅಂಗಡಿ, ಗಿರಣಿ, ವರ್ಕ್‌ಶಾಪ್‌ಗಳ ಮಾಲೀಕರಲ್ಲಿ ಬಹಳ ಮಂದಿ ಈ ಗೆರೆ ಎಲ್ಲಿದೆ ಎಂದು ತಿಳಿಯದೆಯೇ ವರ್ಷಗಟ್ಟಲೆ ವ್ಯಾಪಾರ ಮಾಡುತ್ತಾರೆ. ಗೆರೆ ಎಳೆಯುವುದು ಪಾಲುದಾರಿಕೆ ಪತ್ರ. ಅದನ್ನು ಬರೆಸುವ ದಿನ ಎಲ್ಲರ ಗಮನವೂ ಬ್ಯಾಂಕ್ ಖಾತೆ ತೆರೆಯುವುದರ ಮೇಲೆ, ಜಿಎಸ್‌ಟಿ ನೋಂದಣಿಯ ಮೇಲೆ ಇರುತ್ತದೆ. ಒಳಗೆ ಏನು ಬರೆದಿದೆ ಎಂದು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಆ ಒಂದೆರಡು ಪುಟಗಳ ಬೆಲೆ ವರ್ಷಕ್ಕೆ ಲಕ್ಷಗಳಲ್ಲಿ ಇರಬಹುದು. ಅದನ್ನು ಅಂಕಿಗಳಲ್ಲಿಯೇ ತೋರಿಸುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಕಣ್ಣಿನಲ್ಲಿ ಸಂಸ್ಥೆಗೆ ಪಾಲುದಾರರಿಂದ ಬೇರೆಯಾದ ಅಸ್ತಿತ್ವವಿಲ್ಲ. ಎಲ್ಲ ಪಾಲುದಾರರನ್ನು ಒಟ್ಟಾಗಿ ಕರೆಯುವ ಹೆಸರೇ ಸಂಸ್ಥೆ. ಆದಾಯ ತೆರಿಗೆ ಕಾಯ್ದೆ ಮಾತ್ರ ಸಂಸ್ಥೆಯನ್ನು ಪ್ರತ್ಯೇಕ ತೆರಿಗೆದಾರನೆಂದು ಎಣಿಸುತ್ತದೆ. ಅದಕ್ಕೆ ತನ್ನದೇ ಪ್ಯಾನ್, ತನ್ನದೇ ರಿಟರ್ನ್. ಈ ಎರಡು ದೃಷ್ಟಿಗಳ ನಡುವಿನ ತಿಕ್ಕಾಟ ಹಳೆಯದು. ಸಂಬಳ ಎಂದು ಕರೆದರೂ ಪಾಲುದಾರನಿಗೆ ಸಿಗುವುದು ಲಾಭದ ಒಂದು ಭಾಗವೇ, ತನಗೆ ತಾನೇ ನೌಕರನಾಗಲು ಯಾರಿಗೂ ಸಾಧ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ ಚಿದಂಬರಂ ಪಿಳ್ಳೈ ಪ್ರಕರಣದಲ್ಲಿ 1970ರ ದಶಕದಲ್ಲಿಯೇ ವಿವರಿಸಿತ್ತು. 1992ರ ಹಣಕಾಸು ಕಾಯ್ದೆ ಬರುವವರೆಗೆ ನೋಂದಾಯಿತ ಸಂಸ್ಥೆ ತಾನೂ ಒಂದಿಷ್ಟು ತೆರಿಗೆ ಕಟ್ಟುತ್ತಿತ್ತು, ಪಾಲುದಾರರೂ ತಮ್ಮ ಲಾಭದ ಪಾಲಿಗೆ ಕಟ್ಟುತ್ತಿದ್ದರು. 1993–94ರ ತೆರಿಗೆ ನಿರ್ಧಾರಣೆ ವರ್ಷದಿಂದ ಇಂದಿನ ವ್ಯವಸ್ಥೆ ಬಂತು: ಲಾಭಕ್ಕೆ ಸಂಸ್ಥೆಯೇ ಪೂರ್ತಿ ತೆರಿಗೆ ಕಟ್ಟಿಬಿಡುತ್ತದೆ, ಉಳಿದದ್ದನ್ನು ಹಂಚಿಕೊಂಡಾಗ ಪಾಲುದಾರನಿಗೆ ಮತ್ತೆ ತೆರಿಗೆಯಿಲ್ಲ. ಸಂಬಳ ಮತ್ತು ಬಡ್ಡಿಯನ್ನು ಮಾತ್ರ, ಒಂದು ಮಿತಿಯವರೆಗೆ, ಸಂಸ್ಥೆ ಖರ್ಚೆಂದು ಕಳೆಯಬಹುದು; ಕಳೆದಷ್ಟಕ್ಕೆ ಪಾಲುದಾರ ತನ್ನ ದರದಲ್ಲಿ ತೆರಿಗೆ ಕಟ್ಟಬೇಕು.

ಈ ಲೇಖನದಲ್ಲಿ ಬರುವ ಸೆಕ್ಷನ್ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದು ಸಂಖ್ಯೆಗಳು ಬದಲಾಗಿವೆ. ಲೆಕ್ಕಪರಿಶೋಧಕರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಇವೆ, 2025–26ರ ಹಣಕಾಸು ವರ್ಷದ ಲೆಕ್ಕಕ್ಕೆ ಅನ್ವಯವಾಗುವುದೂ ಹಳೆಯ ಕಾಯ್ದೆಯೇ. ಕೆಳಗಿನ ಉದಾಹರಣೆ ಆ ವರ್ಷದ್ದು.

ಗದಗಿನಲ್ಲಿ ಮಾವ ಮತ್ತು ಅಳಿಯ ಸೇರಿ ಒಂದು ಮುದ್ರಣಾಲಯ ನಡೆಸುತ್ತಾರೆ ಎಂದುಕೊಳ್ಳೋಣ. ಮಾವ 15 ಲಕ್ಷ ರೂಪಾಯಿ ಹಾಕಿದ್ದಾರೆ, ಮುದ್ರಣಾಲಯದ ಕೆಲಸಕ್ಕೆ ಬರುವುದಿಲ್ಲ. ಅಳಿಯನದು 5 ಲಕ್ಷ. ಆರ್ಡರ್ ಹಿಡಿಯುವುದು, ಕಾಗದ ತರಿಸುವುದು, ಯಂತ್ರದ ಮುಂದೆ ನಿಲ್ಲುವುದು, ಬಾಕಿ ವಸೂಲಿ ಎಲ್ಲವೂ ಅವನದೇ. ಲಾಭದಲ್ಲಿ ಇಬ್ಬರಿಗೂ ಸಮಪಾಲು. ಕಾಗದ, ಶಾಯಿ, ಕರೆಂಟು, ಕೆಲಸಗಾರರ ಕೂಲಿ ಎಲ್ಲ ಕಳೆದು ವರ್ಷಕ್ಕೆ 20 ಲಕ್ಷ ರೂಪಾಯಿ ಉಳಿದಿದೆ.

ಪಾಲುದಾರಿಕೆ ಪತ್ರದಲ್ಲಿ ಸಂಬಳ, ಬಡ್ಡಿಯ ಮಾತೇ ಇಲ್ಲದಿದ್ದರೆ ಲೆಕ್ಕ ಎರಡು ಸಾಲಿನಲ್ಲಿ ಮುಗಿಯುತ್ತದೆ. ಸಂಸ್ಥೆಗೆ ಸ್ಲ್ಯಾಬ್‌ಗಳಿಲ್ಲ, ಮೊದಲ ರೂಪಾಯಿಯಿಂದಲೇ ಶೇ 30, ಅದರ ಮೇಲೆ ಶೇ 4ರ ಸೆಸ್, ಒಟ್ಟು ಶೇ 31.2. (ಆದಾಯ ಒಂದು ಕೋಟಿ ದಾಟಿದರೆ ಶೇ 12ರ ಸರ್ಚಾರ್ಜ್ ಕೂಡ ಸೇರುತ್ತದೆ.) 20 ಲಕ್ಷಕ್ಕೆ 6,24,000 ರೂಪಾಯಿ ತೆರಿಗೆ. ಉಳಿದ 13,76,000 ರೂಪಾಯಿಯನ್ನು ಇಬ್ಬರೂ ಹಂಚಿಕೊಂಡರೆ ಅದಕ್ಕೆ ಮತ್ತೆ ತೆರಿಗೆ ಇಲ್ಲ. ಸೆಕ್ಷನ್ 10(2ಎ) ಆ ವಿನಾಯಿತಿ ಕೊಡುತ್ತದೆ.

ಈಗ ಪತ್ರದಲ್ಲಿ ಎರಡು ಷರತ್ತು ಸೇರಿಸೋಣ. ಬಂಡವಾಳಕ್ಕೆ ವರ್ಷಕ್ಕೆ ಶೇ 12 ಬಡ್ಡಿ. ಅಳಿಯನಿಗೆ ತಿಂಗಳಿಗೆ 90,000 ರೂಪಾಯಿ ಸಂಬಳ. ಮಾವನಿಗೆ 1,80,000, ಅಳಿಯನಿಗೆ 60,000, ಒಟ್ಟು 2,40,000 ರೂಪಾಯಿ ಬಡ್ಡಿ ಹೋಗುತ್ತದೆ. ಸಂಬಳ ವರ್ಷಕ್ಕೆ 10,80,000. ಇವೆರಡೂ ಕಳೆದ ಮೇಲೆ ಸಂಸ್ಥೆಯ ಆದಾಯ 6,80,000, ಅದರ ತೆರಿಗೆ 2,12,160 ರೂಪಾಯಿ. ಅಳಿಯನ ಕೈಯಲ್ಲಿ ತೆರಿಗೆಗೆ ಒಳಪಡುವ ಮೊತ್ತ ಸಂಬಳ ಮತ್ತು ಬಡ್ಡಿ ಸೇರಿ 11,40,000. ಬೇರೆ ಆದಾಯವಿಲ್ಲದಿದ್ದರೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ಸಿಗುವ ರಿಯಾಯಿತಿಯಿಂದ ಅವನ ತೆರಿಗೆ ಸೊನ್ನೆ. ಮಾವನಿಗೂ ಬೇರೆ ದೊಡ್ಡ ಆದಾಯವಿಲ್ಲದಿದ್ದರೆ ಸೊನ್ನೆ. ಅದೇ ಮುದ್ರಣಾಲಯ, ಅದೇ ದುಡಿಮೆ, ಅದೇ ಲಾಭ. ತೆರಿಗೆ ಮಾತ್ರ 6,24,000ದಿಂದ 2,12,160ಕ್ಕೆ ಇಳಿಯಿತು. 4,11,840 ರೂಪಾಯಿ ಉಳಿಯಿತು. ಇದರಲ್ಲಿ ಮರೆಮಾಚುವಂಥದ್ದು ಏನೂ ಇಲ್ಲ; ಕಾನೂನು ತಾನಾಗಿಯೇ ಕೊಟ್ಟ ದಾರಿ ಇದು.

ಪತ್ರ ಸುಮ್ಮನಿದ್ದರೆ ಈ ದಾರಿ ಮುಚ್ಚಿರುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರನಿಗೆ ಸಂಬಳ ಕೇಳುವ ಹಕ್ಕಿಲ್ಲ ಎಂದು ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಹಗಲಿರುಳು ದುಡಿದ ಅಳಿಯನಿಗೂ ಮನೆಯಲ್ಲಿ ಕುಳಿತ ಮಾವನಿಗೂ ಲಾಭದಲ್ಲಿ ಸಮಪಾಲು ಎಂಬುದೂ ಅದೇ ಸೆಕ್ಷನ್‌ನ ನಿಯಮ. ಆದ್ದರಿಂದ ಪತ್ರದಲ್ಲಿ ಬರೆಯಲೇಬೇಕು, ಸರಿಯಾಗಿ ಬರೆಯಬೇಕು. ‘ಪಾಲುದಾರರು ಕಾಲಕಾಲಕ್ಕೆ ಪರಸ್ಪರ ಒಪ್ಪಿದಂತೆ ಸಂಬಳ’ ಎಂಬ ವಾಕ್ಯ ಎಷ್ಟೋ ಪತ್ರಗಳಲ್ಲಿ ಇರುತ್ತದೆ. ನೋಡಲು ಸೌಹಾರ್ದದ ಮಾತು, ತೆರಿಗೆ ಲೆಕ್ಕದಲ್ಲಿ ಮಾತ್ರ ಅಪಾಯಕಾರಿ. ಸಂಬಳದ ಮೊತ್ತವನ್ನಾಗಲಿ, ಅದನ್ನು ಲೆಕ್ಕ ಹಾಕುವ ರೀತಿಯನ್ನಾಗಲಿ ಪತ್ರ ಸ್ಪಷ್ಟವಾಗಿ ಹೇಳದಿದ್ದರೆ ಕಡಿತ ಸಿಗದು ಎಂದು ಕೇಂದ್ರ ನೇರ ತೆರಿಗೆಗಳ ಮಂಡಳಿ 1996ರ ಮಾರ್ಚ್‌ನಲ್ಲಿ ಹೊರಡಿಸಿದ 739ನೇ ಸುತ್ತೋಲೆಯಲ್ಲಿ ಹೇಳಿದೆ. ಸಂಬಳ, ಬಡ್ಡಿಯ ಕಡಿತಕ್ಕೆ ಮಿತಿ ಹಾಕುವುದು ಸೆಕ್ಷನ್ 40(ಬಿ). ‘ಸೆಕ್ಷನ್ 40(ಬಿ) ಅನುಮತಿಸುವ ಗರಿಷ್ಠ ಮೊತ್ತ, ಕೆಲಸ ಮಾಡುವ ಪಾಲುದಾರರ ನಡುವೆ ಇಂಥ ಪ್ರಮಾಣದಲ್ಲಿ’ ಎಂದು ಬರೆಸಿದರೆ ಲೆಕ್ಕ ಹಾಕುವ ರೀತಿ ಹೇಳಿದಂತಾಗುತ್ತದೆ. ಪತ್ರದ ತಾರೀಖಿಗಿಂತ ಹಿಂದಿನ ಅವಧಿಯ ಸಂಬಳ, ಬಡ್ಡಿ ಕಳೆಯಲು ಬರುವುದಿಲ್ಲ. ಹೀಗಾಗಿ ಫೆಬ್ರುವರಿಯಲ್ಲಿ ಎಚ್ಚೆತ್ತು ಪತ್ರ ತಿದ್ದಿಸಿದರೆ ಆ ವರ್ಷದ ಬಹುಭಾಗ ಕೈಬಿಟ್ಟುಹೋಗಿರುತ್ತದೆ. ಪಾಲುದಾರರು ಬದಲಾದಾಗ ಅಥವಾ ಪಾಲಿನ ಪ್ರಮಾಣ ಬದಲಾದಾಗ ಹೊಸ ಪತ್ರದ ದೃಢೀಕೃತ ಪ್ರತಿಯನ್ನು ಆ ವರ್ಷದ ರಿಟರ್ನ್ ಜೊತೆ ಕೊಡಬೇಕು ಎಂಬುದು ಸೆಕ್ಷನ್ 184ರ ಷರತ್ತು. ಅದು ತಪ್ಪಿದರೆ ಸಂಬಳ, ಬಡ್ಡಿ ಎರಡೂ ಕಡಿತದಿಂದ ಹೊರಗೆ.

ಮಾವನಿಗೂ ಗೌರವಕ್ಕಾಗಿ ತಿಂಗಳಿಗೆ ಇಷ್ಟು ಎಂದು ಬರೆಯಬಹುದಲ್ಲ ಎಂದು ಕೇಳಬಹುದು. ಬರೆಯಬಹುದು, ಕೊಡಬಹುದು; ಸಂಸ್ಥೆ ಅದನ್ನು ಖರ್ಚೆಂದು ಕಳೆಯಲು ಬರುವುದಿಲ್ಲ. ಸಂಬಳದ ಕಡಿತ ಸಿಗುವುದು ವ್ಯವಹಾರದಲ್ಲಿ ನಿಜವಾಗಿ ತೊಡಗಿರುವ ಪಾಲುದಾರನಿಗೆ ಕೊಟ್ಟಾಗ ಮಾತ್ರ. ಬಡ್ಡಿಗೆ ಆ ಷರತ್ತಿಲ್ಲ, ಹಣ ಹಾಕಿದ ಯಾರಿಗಾದರೂ ಕೊಡಬಹುದು. ಅದರ ಮಿತಿ ಶೇ 12, ಸರಳ ಬಡ್ಡಿ. 2002ರ ಜೂನ್‌ಗೆ ಮುಂಚೆ ಇದು ಶೇ 18 ಇತ್ತು. ಹಳೆಯ ಪತ್ರದ ನಕಲನ್ನೇ ಇಟ್ಟುಕೊಂಡು ಹೊಸದನ್ನು ಟೈಪ್ ಮಾಡಿಸುವವರು ಇದನ್ನು ನೋಡಿಕೊಳ್ಳಬೇಕು. ಮಿತಿ ಮೀರಿ ಕೊಟ್ಟ ಸಂಬಳ ಅಥವಾ ಬಡ್ಡಿಗೆ ಎರಡೆರಡು ಬಾರಿ ತೆರಿಗೆ ಬೀಳುತ್ತದೆ ಎಂಬ ಭಯ ಬೇಡ. ಸಂಸ್ಥೆಗೆ ಕಡಿತ ಸಿಗದ ಭಾಗವನ್ನು ಪಾಲುದಾರನ ಆದಾಯದಿಂದ ಬಿಡಬೇಕೆಂದು ಸೆಕ್ಷನ್ 28 ಹೇಳುತ್ತದೆ.

ಸಂಬಳದ ಮಿತಿ ಎಷ್ಟು? ಬಡ್ಡಿ ಕಳೆದು, ಸಂಬಳ ಕಳೆಯುವ ಮುನ್ನ ಉಳಿಯುವ ವ್ಯಾಪಾರದ ಲಾಭವನ್ನು ಕಾನೂನು ಪುಸ್ತಕ ಲಾಭ ಎನ್ನುತ್ತದೆ. ನಮ್ಮ ಮುದ್ರಣಾಲಯದಲ್ಲಿ ಅದು 17,60,000. ಇದರ ಮೊದಲ 6 ಲಕ್ಷದಲ್ಲಿ ಶೇ 90 ಅಥವಾ 3 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅದು. ಉಳಿದದ್ದರಲ್ಲಿ ಶೇ 60. ಅಂದರೆ 5,40,000 ಮತ್ತು 6,96,000 ಸೇರಿ 12,36,000 ರೂಪಾಯಿ. ಇದು ಎಲ್ಲ ಸಕ್ರಿಯ ಪಾಲುದಾರರಿಗೂ ಸೇರಿದ ಒಟ್ಟು ಮಿತಿ, ತಲಾ ಅಲ್ಲ. ನಷ್ಟವಾದ ವರ್ಷದಲ್ಲೂ 3 ಲಕ್ಷದವರೆಗೆ ಸಂಬಳ ಕಳೆಯಬಹುದು. 2024ರ ಜುಲೈ ಬಜೆಟ್‌ಗೆ ಮುಂಚೆ ಈ ಮಿತಿ ಮೊದಲ 3 ಲಕ್ಷಕ್ಕೆ ಶೇ 90 ಅಥವಾ 1,50,000 ಎಂದಿತ್ತು. ಹಳೆಯ ಅಂಕಿಗಳನ್ನೇ ಪತ್ರದಲ್ಲಿ ಅಚ್ಚು ಹಾಕಿಸಿಕೊಂಡವರಿಗೆ ಹೊಸ ಮಿತಿಯ ಲಾಭ ತಾನಾಗಿ ಬರುವುದಿಲ್ಲ; ಪತ್ರ ತಿದ್ದಿಸಬೇಕು.

ಹಾಗಾದರೆ ಅಳಿಯನಿಗೆ ಪೂರ್ತಿ 12,36,000 ಸಂಬಳ ಕೊಟ್ಟುಬಿಡುವುದು ಒಳ್ಳೆಯದಲ್ಲವೇ? ಈ ವಿಷಯದಲ್ಲಿ ಮಿತಿಯವರೆಗೂ ಹೋಗುವುದೇ ಜಾಣತನ ಎಂಬ ಸಲಹೆ ತುಂಬ ಕೇಳಿಬರುತ್ತದೆ, ಅದು ಎಲ್ಲರಿಗೂ ಒಪ್ಪುವುದಿಲ್ಲ. ಲೆಕ್ಕ ಮಾಡಿ ನೋಡೋಣ. ಅಳಿಯನ ಆದಾಯ ಆಗ ಬಡ್ಡಿ ಸೇರಿ 12,96,000 ಆಗುತ್ತದೆ. 12 ಲಕ್ಷದ ಗಡಿ ದಾಟಿದ್ದರಿಂದ ರಿಯಾಯಿತಿ ಪೂರ್ತಿ ಹೋಗುತ್ತದೆ. 4ರಿಂದ 8 ಲಕ್ಷದ ಭಾಗಕ್ಕೆ ಶೇ 5, 8ರಿಂದ 12ರ ಭಾಗಕ್ಕೆ ಶೇ 10, ಮೇಲಿನ 96,000ಕ್ಕೆ ಶೇ 15, ಸೆಸ್ ಸೇರಿ 77,376 ರೂಪಾಯಿ. ಸಂಸ್ಥೆಯ ತೆರಿಗೆ 1,63,488ಕ್ಕೆ ಇಳಿಯುತ್ತದೆ ನಿಜ, ಆದರೆ ಎರಡೂ ಸೇರಿ 2,40,864 ಆಗುತ್ತದೆ. ಮೊದಲಿನ 2,12,160ಕ್ಕಿಂತ 28,704 ಹೆಚ್ಚು. ಅದರ ಬದಲು ಸಂಬಳವನ್ನು 11,40,000ಕ್ಕೆ ನಿಲ್ಲಿಸಿ ಅಳಿಯನ ಆದಾಯ ಸರಿಯಾಗಿ 12 ಲಕ್ಷ ಆಗುವಂತೆ ನೋಡಿಕೊಂಡರೆ ಒಟ್ಟು ತೆರಿಗೆ 1,93,440. ಅಳಿಯನಿಗೆ ಬ್ಯಾಂಕಿನ ಬಡ್ಡಿಯೋ ಮನೆ ಬಾಡಿಗೆಯೋ ಇದ್ದರೆ ಈ ಬಿಂದು ಕೆಳಗೆ ಸರಿಯುತ್ತದೆ. ಉದ್ಯೋಗಿಗೆ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಪಾಲುದಾರನಿಗೆ ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹೆಸರು ಸಂಬಳವಾದರೂ ಕಾನೂನಿನಲ್ಲಿ ಅದು ವ್ಯಾಪಾರದ ಆದಾಯ.

ಮಾವನ ಕಡೆಯಿಂದಲೂ ಹೀಗೆಯೇ ಯೋಚಿಸಬೇಕು. ಅವರಿಗೆ ಬೇರೆ ಕಡೆಯಿಂದ ಬರುವ ಆದಾಯ ಈಗಾಗಲೇ ಶೇ 30ರ ಸ್ಲ್ಯಾಬ್ ಮುಟ್ಟಿದ್ದರೆ, ಬಡ್ಡಿ ಕೊಡುವುದರಿಂದ ಸಂಸ್ಥೆ ಉಳಿಸುವ ಶೇ 31.2 ಅವರ ಕೈಯಿಂದ ಅಷ್ಟಕ್ಕಷ್ಟೇ ಹೋಗುತ್ತದೆ. ತೆರಿಗೆಯ ಮಟ್ಟಿಗೆ ಗಳಿಸಿದ್ದು ಏನೂ ಇಲ್ಲ.

ಕೈಗೆ ತೆಗೆದುಕೊಂಡ ಹಣ

ವರ್ಷದ ನಡುವೆ ಅಳಿಯ ಮಗಳ ಮದುವೆಗೆಂದು 6 ಲಕ್ಷ ತೆಗೆದನೆಂದುಕೊಳ್ಳಿ. ಇದು ಡ್ರಾಯಿಂಗ್ಸ್. ಅವನ ಬಂಡವಾಳ ಖಾತೆಗೆ ಖರ್ಚು ಬೀಳುತ್ತದೆ, ಆದಾಯ ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ. ತೆಗೆಯದೇ ಸಂಸ್ಥೆಯಲ್ಲೇ ಬಿಟ್ಟಿದ್ದರೂ ಸಂಬಳ ಮತ್ತು ಬಡ್ಡಿಗೆ ಅವನು ಲೆಕ್ಕ ಕೊಡಲೇಬೇಕಿತ್ತು. ಹೆಚ್ಚು ತೆಗೆದನೆಂದು ಹೆಚ್ಚು ಕೊಡಬೇಕಾಗಿಲ್ಲ. ಒಂದು ಅಡ್ಡ ಪರಿಣಾಮ ಮಾತ್ರ ಇದೆ: ಬಂಡವಾಳ ಕಡಿಮೆಯಾದಂತೆ ಮುಂದಿನ ಬಡ್ಡಿಯೂ ಕಡಿಮೆಯಾಗುತ್ತದೆ.

ಕಂಪನಿಯಲ್ಲಿ ಹೀಗಲ್ಲ. ಕಂಪನಿ ತೆರಿಗೆ ಕಟ್ಟಿ ಉಳಿದ ಲಾಭವನ್ನು ಡಿವಿಡೆಂಡ್ ಆಗಿ ಹಂಚಿದರೆ 2020ರ ಏಪ್ರಿಲ್‌ನಿಂದ ಷೇರುದಾರನೂ ತನ್ನ ಸ್ಲ್ಯಾಬ್ ದರದಲ್ಲಿ ಮತ್ತೆ ಕಟ್ಟಬೇಕು. ‘ನಾವೂ ಪ್ರೈವೇಟ್ ಲಿಮಿಟೆಡ್ ಮಾಡಿಕೊಳ್ಳೋಣ, ತೆರಿಗೆ ದರ ಕಡಿಮೆ’ ಎನ್ನುವವರು ಈ ಎರಡನೆಯ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಲಾಭವನ್ನೆಲ್ಲ ಮನೆಗೆ ಒಯ್ದು ಸಂಸಾರ ನಡೆಸುವ ಸಣ್ಣ ಮಾಲೀಕನಿಗೆ ಪಾಲುದಾರಿಕೆಯ ದಾರಿಯೇ ಸಾಮಾನ್ಯವಾಗಿ ಹಗುರ ಎಂಬುದು ನನ್ನ ಅಭಿಪ್ರಾಯ. ಎಲ್‌ಎಲ್‌ಪಿಗಳಿಗೂ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗಳಿಗೂ) ಸಂಬಳ, ಬಡ್ಡಿ, ಲಾಭದ ಪಾಲಿನ ಮಟ್ಟಿಗೆ ಇದೇ ನಿಯಮ.

ಪಾಲುದಾರನ ಸಂಬಳಕ್ಕೆ ಜಿಎಸ್‌ಟಿ ಬೀಳುತ್ತದೆಯೇ ಎಂಬ ಪ್ರಶ್ನೆಯೂ ಒಮ್ಮೆ ಎದ್ದಿತ್ತು. ಬೀಳುವುದಿಲ್ಲ ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2020ರಲ್ಲಿ ಹೇಳಿತು.

ಹತ್ತು ಪರ್ಸೆಂಟ್‌ನ ಹೊಸ ಕಡಿತ

2025ರ ಏಪ್ರಿಲ್ 1ರಿಂದ ಸೆಕ್ಷನ್ 194ಟಿ ಜಾರಿಗೆ ಬಂದ ಮೇಲೆ ಸಣ್ಣ ಸಂಸ್ಥೆಗಳ ದಿನಚರಿಯೇ ಬದಲಾಗಿದೆ. ಪಾಲುದಾರನೊಬ್ಬನಿಗೆ ವರ್ಷದಲ್ಲಿ ಕೊಡುವ ಸಂಬಳ, ಬೋನಸ್, ಕಮಿಷನ್, ಬಡ್ಡಿ ಎಲ್ಲ ಸೇರಿ 20,000 ರೂಪಾಯಿ ದಾಟಿದರೆ ಸಂಸ್ಥೆ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿದು ಸರ್ಕಾರಕ್ಕೆ ಕಟ್ಟಬೇಕು. ಲಾಭದ ಪಾಲಿಗೂ ಬಂಡವಾಳದ ವಾಪಸಾತಿಗೂ ಇದು ಅನ್ವಯಿಸುವುದಿಲ್ಲ. ಹಣ ಕೈಗೆ ಕೊಟ್ಟಾಗ ಅಥವಾ ಖಾತೆಗೆ ಜಮೆ ಮಾಡಿದಾಗ, ಯಾವುದು ಮೊದಲೋ ಆಗ ಕಡಿಯಬೇಕು. ಬಂಡವಾಳ ಖಾತೆಗೆ ಹಾಕಿದರೂ ಜಮೆಯೇ. ಸಂಸ್ಥೆಗೆ ಟ್ಯಾನ್, ಅಂದರೆ ಟಿಡಿಎಸ್ ಕಡಿಯುವವರಿಗೆ ಬೇಕಾದ ಸಂಖ್ಯೆ, ಇಲ್ಲದಿದ್ದರೆ ಮಾಡಿಸಬೇಕು, ತ್ರೈಮಾಸಿಕ ಟಿಡಿಎಸ್ ವಿವರಪಟ್ಟಿ ಸಲ್ಲಿಸಬೇಕು.

ಹೆಚ್ಚಿನ ಸಂಸ್ಥೆಗಳು ಪಾಲುದಾರರ ಸಂಬಳ, ಬಡ್ಡಿಯ ನಮೂದನ್ನು ಮಾರ್ಚ್ 31ರಂದು ಒಟ್ಟಿಗೆ ಹಾಕುತ್ತವೆ. ಲಾಭ ತಿಳಿಯದೆ ಮಿತಿ ತಿಳಿಯದು ಎಂಬುದು ಅದಕ್ಕೆ ಕಾರಣ. ಆಗ ಕಡಿದ ತೆರಿಗೆಯನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು. ಲೆಕ್ಕಪತ್ರ ಮುಗಿಯುವುದೇ ಜುಲೈ, ಆಗಸ್ಟ್‌ನಲ್ಲಿ ಎನ್ನುವ ಸಂಸ್ಥೆಗಳಿಗೆ ಇದು ಕಷ್ಟದ ಗಡುವು; ಮಾರ್ಚ್‌ನಲ್ಲಿಯೇ ಅಂದಾಜು ಲೆಕ್ಕ ಹಾಕಿಕೊಳ್ಳುವ ಅಭ್ಯಾಸ ಬೇಕು. ಪತ್ರದಲ್ಲಿ ತಿಂಗಳ ಸಂಬಳ ಎಂದು ಬರೆದು ತಿಂಗಳು ತಿಂಗಳೂ ತೆಗೆದುಕೊಳ್ಳುತ್ತಿದ್ದರೆ, ಅದನ್ನು ಡ್ರಾಯಿಂಗ್ಸ್ ಎಂದು ತೋರಿಸಿ ವರ್ಷದ ಕೊನೆಗೆ ಹೆಸರು ಬದಲಿಸುವ ಪದ್ಧತಿ ನನಗೆ ಸುರಕ್ಷಿತವಾಗಿ ಕಾಣುವುದಿಲ್ಲ. ತಿಂಗಳಿಗೊಮ್ಮೆ ಕಡಿದು ಮುಂದಿನ ತಿಂಗಳ 7ರೊಳಗೆ ಕಟ್ಟುವುದೇ ನೇರ ದಾರಿ. ಕಡಿಯಬೇಕಾದ್ದನ್ನು ಕಡಿಯದಿದ್ದರೆ ತಿಂಗಳಿಗೆ ಶೇ 1, ಕಡಿದೂ ಕಟ್ಟದಿದ್ದರೆ ಶೇ 1.5 ಬಡ್ಡಿ, ಮೇಲಾಗಿ ಆ ಸಂಬಳ, ಬಡ್ಡಿಯ ಶೇ 30ರಷ್ಟು ಖರ್ಚು ತಿರಸ್ಕೃತವಾಗುವ ಸಂಭವವೂ ಇದೆ.

ಇಲ್ಲಿ ನನಗೆ ನೋವಾಗುವ ಒಂದು ಸಂಗತಿಯಿದೆ. ನಮ್ಮ ಅಳಿಯನ 11,40,000ಕ್ಕೆ 1,14,000 ರೂಪಾಯಿ ಕಡಿತವಾಗುತ್ತದೆ, ಮಾವನ ಬಡ್ಡಿಗೆ 18,000. ಇಬ್ಬರೂ ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೂ ರಿಟರ್ನ್ ಸಲ್ಲಿಸಿ ಮರುಪಾವತಿ ಬರುವವರೆಗೆ ಆ 1,32,000 ರೂಪಾಯಿ ಸರ್ಕಾರದ ಬಳಿಯೇ ಇರುತ್ತದೆ. ಕಾಗದದ ಬಿಲ್ಲಿಗೆ ಹಣ ಹೊಂದಿಸಲು ಪರದಾಡುವ ಮುದ್ರಣಾಲಯಕ್ಕೆ ಇದು ಸಣ್ಣ ಮೊತ್ತವಲ್ಲ. ರಿಟರ್ನ್ ತಡಮಾಡದಿರುವುದೊಂದೇ ಇವರ ಕೈಯಲ್ಲಿರುವ ಉಪಾಯ. ಪಾಲುದಾರ ಬಳಸಬೇಕಾದದ್ದು ಐಟಿಆರ್–3, ಸಂಸ್ಥೆ ಐಟಿಆರ್–5. ಸಂಸ್ಥೆ ಆಡಿಟ್‌ಗೆ ಒಳಪಟ್ಟಿದ್ದರೆ ಪಾಲುದಾರನ ಗಡುವೂ ಅಕ್ಟೋಬರ್ 31. ವಿನಾಯಿತಿ ಪಡೆದ ಲಾಭದ ಪಾಲನ್ನು ರಿಟರ್ನ್‌ನಲ್ಲಿ ತೋರಿಸಲು ಮರೆಯಬಾರದು. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಆದಾಯಕ್ಕೆ ದಾಖಲೆ ಕೇಳುತ್ತಾರೆ.

ಅಂದಾಜು ಲಾಭದ ಯೋಜನೆ, ಅಂದರೆ ಸೆಕ್ಷನ್ 44ಎಡಿ ಆರಿಸಿಕೊಂಡ ಸಂಸ್ಥೆಗಳಿಗೆ ಒಂದು ಎಚ್ಚರಿಕೆ. ವಹಿವಾಟಿನ ಶೇ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಲಾಭ ಎಂದು ತೋರಿಸಿ ಲೆಕ್ಕಪುಸ್ತಕದ ತಾಪತ್ರಯ ತಪ್ಪಿಸಿಕೊಳ್ಳಬಹುದು. ಆದರೆ 2016ರ ತಿದ್ದುಪಡಿಯ ನಂತರ ಆ ಲಾಭದಿಂದ ಪಾಲುದಾರರ ಸಂಬಳ, ಬಡ್ಡಿ ಕಳೆಯುವಂತಿಲ್ಲ. ಪೂರ್ತಿ ಮೊತ್ತಕ್ಕೆ ಶೇ 31.2. ಸುಲಭದ ದಾರಿ ಎಂದು ಇದನ್ನು ಹಿಡಿಯುವ ಮುನ್ನ ಎರಡೂ ರೀತಿಯ ಲೆಕ್ಕ ಹಾಕಿ ನೋಡಬೇಕು. ಎಲ್‌ಎಲ್‌ಪಿಗಳಿಗೆ ಈ ಯೋಜನೆ ಇಲ್ಲವೇ ಇಲ್ಲ.

ಪಾಲುದಾರ ಹೊರಬಂದಾಗ

ಇಲ್ಲಿಯವರೆಗೆ ಹೇಳಿದ್ದು ವರ್ಷ ವರ್ಷದ ಹಂಚಿಕೆ. ಮಾವ ವಯಸ್ಸಾಯಿತೆಂದು ಪಾಲುದಾರಿಕೆಯಿಂದ ನಿವೃತ್ತರಾದರೆ ಬೇರೆಯೇ ನಿಯಮಗಳು ಬರುತ್ತವೆ, ಹೆಚ್ಚು ಮಂದಿ ಎಡವುವುದೂ ಇಲ್ಲಿಯೇ. ಮುದ್ರಣಾಲಯದ ಜಾಗವನ್ನು ಬಹಳ ವರ್ಷಗಳ ಹಿಂದೆ ಸಂಸ್ಥೆಯ ಹೆಸರಿನಲ್ಲಿ ಕೊಂಡದ್ದು. ಪುಸ್ತಕದಲ್ಲಿ ಹಳೆಯ ಬೆಲೆಯೇ ಇದೆ, ಮಾರುಕಟ್ಟೆಯಲ್ಲಿ ಎಷ್ಟೋ ಪಟ್ಟು ಏರಿದೆ. ಮಾವನ ಬಂಡವಾಳ ಖಾತೆಯಲ್ಲಿ 15 ಲಕ್ಷ ಇದ್ದರೂ ಜಾಗದ ಇಂದಿನ ಬೆಲೆ ನೋಡಿ 40 ಲಕ್ಷ ಕೊಟ್ಟು ಕಳಿಸಲು ಇಬ್ಬರೂ ಒಪ್ಪುತ್ತಾರೆ. ನ್ಯಾಯವಾದದ್ದೇ.

ಹೀಗೆ ಹೊರಹೋಗುವವನಿಗೆ ನಗದು ಕೊಟ್ಟಾಗ ಆಸ್ತಿ ವರ್ಗಾವಣೆಯೇ ಆಗುವುದಿಲ್ಲ, ಆದ್ದರಿಂದ ಬಂಡವಾಳ ಲಾಭದ ತೆರಿಗೆ ಇಲ್ಲ ಎಂದು ಕರ್ನಾಟಕ ಹೈಕೋರ್ಟ್‌ನ ಪೂರ್ಣ ಪೀಠ 2013ರಲ್ಲಿ ಡೈನಾಮಿಕ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಆ ತೀರ್ಪನ್ನು ನೆಚ್ಚಿಕೊಂಡು ಇಂದು ಇತ್ಯರ್ಥ ಮಾಡಿಕೊಳ್ಳುವಂತಿಲ್ಲ. 2021ರ ಹಣಕಾಸು ಕಾಯ್ದೆ ಸೆಕ್ಷನ್ 45(4)ನ್ನು ಹೊಸದಾಗಿ ಬರೆದು, 9ಬಿ ಎಂಬ ಇನ್ನೊಂದನ್ನು ಸೇರಿಸಿತು. ಪಾಲುದಾರನಿಗೆ ಕೊಟ್ಟ ಹಣ ಮತ್ತು ಆಸ್ತಿಯ ಮೌಲ್ಯದಿಂದ ಅವನ ಬಂಡವಾಳ ಖಾತೆಯ ಶಿಲ್ಕನ್ನು ಕಳೆದು ಉಳಿದದ್ದು ಸಂಸ್ಥೆಯ ಬಂಡವಾಳ ಲಾಭ. ಇಲ್ಲಿ 25 ಲಕ್ಷ. ಮೊದಲೇ ಜಾಗದ ಬೆಲೆಯನ್ನು ಪುಸ್ತಕದಲ್ಲಿ ಏರಿಸಿ ಮಾವನ ಖಾತೆಯನ್ನು 40 ಲಕ್ಷಕ್ಕೆ ತಂದುಕೊಂಡರೂ ಉಪಯೋಗವಿಲ್ಲ. ಮರುಮೌಲ್ಯಮಾಪನದಿಂದ ಏರಿದ ಭಾಗವನ್ನು ಈ ಲೆಕ್ಕದಲ್ಲಿ ಬಿಟ್ಟುಬಿಡಬೇಕೆಂದು ಕಾನೂನೇ ಹೇಳಿದೆ. ಹಣದ ಬದಲು ಜಾಗದಲ್ಲೇ ಒಂದು ತುಂಡು ಬರೆದುಕೊಟ್ಟರೆ ಮೊದಲು 9ಬಿ ಅಡಿ ಸಂಸ್ಥೆ ಅದನ್ನು ಮಾರುಕಟ್ಟೆ ಬೆಲೆಗೆ ಮಾರಿದಂತೆ ಲೆಕ್ಕ ಹಾಕಿ ತೆರಿಗೆ ಕಟ್ಟಬೇಕು, ಆಮೇಲೆ 45(4)ರ ಪರೀಕ್ಷೆ.

ಎರಡೂ ಸಂದರ್ಭದಲ್ಲಿ ತೆರಿಗೆ ಬೀಳುವುದು ಸಂಸ್ಥೆಯ ಮೇಲೆ. ಹಣ ಪಡೆದು ಹೋದ ಮಾವ ಅದಕ್ಕಾಗಿ ಏನೂ ಕಟ್ಟುವುದಿಲ್ಲ. ಉಳಿದ ಅಳಿಯನೂ ಅವನ ಜೊತೆ ಹೊಸದಾಗಿ ಸೇರಿದ ಪಾಲುದಾರನೂ ಹೊರಬೇಕು. ಇಬ್ಬರೇ ಪಾಲುದಾರರಿದ್ದ ಸಂಸ್ಥೆಯಲ್ಲಿ ಒಬ್ಬರು ಹೋದರೆ ಪಾಲುದಾರಿಕೆಯೇ ಉಳಿಯುವುದಿಲ್ಲವಾದ್ದರಿಂದ ಮಾವ ಹೋಗುವ ಮುನ್ನವೇ ಇನ್ನೊಬ್ಬರನ್ನು ಸೇರಿಸಿಕೊಳ್ಳುವುದು ರೂಢಿ. ಹೊಸದಾಗಿ ಬಂದವರಿಗೆ ಈ ಬಾಕಿಯ ಅರಿವೇ ಇರುವುದಿಲ್ಲ. ನಿವೃತ್ತಿ ಪತ್ರದಲ್ಲಿ 40 ಲಕ್ಷ ಎಂದು ಬರೆಯುವ ಮುನ್ನ ಈ ತೆರಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿಸಿ, ಅದನ್ನು ಯಾರು ಎಷ್ಟು ಹೊರುತ್ತಾರೆ ಎಂಬುದನ್ನು ಅದೇ ಪತ್ರದಲ್ಲಿ ಬರೆಸಿ, ಎಲ್ಲರೂ ಓದಿ ಸಹಿ ಹಾಕಬೇಕು.